ಒಂದೇ ಬೇನೆ, ಎರಡು ಹಾದಿ

ಕಾಮಾಲೆಗೆ ನಮ್ಮ ನಾಡಿನಲ್ಲಿರುವಷ್ಟು ಮದ್ದು ಬೇರಾವ ಬೇನೆಗೂ ಇರಲಾರದು. ಊರಿಗೊಬ್ಬ ಪಂಡಿತ, ಕೇರಿಗೊಬ್ಬ ಅಜ್ಜಿ. ಒಬ್ಬೊಬ್ಬರದೂ ಒಂದೊಂದು ಕ್ರಮ. ಒಬ್ಬರು ನೆಲನೆಲ್ಲಿಯನ್ನು ಬೇರುಸಹಿತ ಅರೆದು, ಮಜ್ಜಿಗೆಯಲ್ಲಿ ಕದಡಿ ಮೂರು ಬೆಳಗು ಕುಡಿಸುತ್ತಾರೆ. ಮತ್ತೊಬ್ಬರು ಮುಂಗೈಗೆ ಬರೆ ಹಾಕುತ್ತಾರೆ. ಇನ್ನೊಬ್ಬರು ಯಾವುದೋ ಸೊಪ್ಪಿನ ರಸ ಕೊಟ್ಟು, ಅದರ ಹೆಸರು ಹೇಳಿದರೆ ಮದ್ದಿನ ಗುಣವೇ ಹೋಗುವುದೆಂದು ಬಾಯಿ ಮುಚ್ಚಿಕೊಳ್ಳುತ್ತಾರೆ. ಎಣ್ಣೆ, ತುಪ್ಪ, ಒಗ್ಗರಣೆಗಳು ಮಾತ್ರ ಎಲ್ಲರ ಪಥ್ಯದಲ್ಲಿಯೂ ವರ್ಜ್ಯ. ವಿಚಿತ್ರವೆಂದರೆ ಇವರೆಲ್ಲರ ಮದ್ದಿನಿಂದಲೂ ಬಹುಪಾಲು ರೋಗಿಗಳು ಗುಣ ಹೊಂದುತ್ತಾರೆ. ಯಾವ ಮದ್ದನ್ನೂ ಮುಟ್ಟದವರೂ ಬಹುಪಾಲು ಗುಣ ಹೊಂದುತ್ತಾರೆಂಬುದನ್ನು ಮಾತ್ರ ಯಾರೂ ಲೆಕ್ಕವಿಡುವುದಿಲ್ಲ.

ಕಾಮಾಲೆ ಎಂಬುದು ನಿಜವಾಗಿ ಒಂದು ರೋಗವಲ್ಲ, ರೋಗದ ಬಣ್ಣ. ಯಕೃತ್ತು ನೊಂದಾಗ ಪಿತ್ತದ ಹಳದಿ ರಕ್ತದಲ್ಲಿ ಉಳಿದು ಕಣ್ಣಿಗೂ ಚರ್ಮಕ್ಕೂ ಏರುತ್ತದೆ. ಯಕೃತ್ತನ್ನು ನೋಯಿಸುವ ವೈರಸ್ಸುಗಳಲ್ಲಿ ಮುಖ್ಯವಾದುವು ಐದು. ಅವುಗಳಿಗೆ ವೈದ್ಯರು ಹೆಪಟೈಟಿಸ್ ಎ, ಬಿ, ಸಿ, ಡಿ, ಇ ಎಂದು ಅಕ್ಷರಗಳನ್ನೇ ಹೆಸರಾಗಿ ಕೊಟ್ಟಿದ್ದಾರೆ. ಎ ಮತ್ತು ಇ ಕೆಟ್ಟ ನೀರು, ಕೆಟ್ಟ ಆಹಾರಗಳಿಂದ ಬರುತ್ತವೆ. ಕೆಲವು ವಾರ ಕಾಡಿ ಸಾಮಾನ್ಯವಾಗಿ ಹೊರಟುಹೋಗುತ್ತವೆ. ಬಿ ಮತ್ತು ಸಿ ರಕ್ತದ ಮೂಲಕ ಬರುತ್ತವೆ. ಕೆಲವರಲ್ಲಿ ಬಂದಂತೆಯೇ ಹೋಗುತ್ತವೆ, ಕೆಲವರಲ್ಲಿ ಬಾಡಿಗೆ ಕೊಡದ ಬಿಡಾರದವರಂತೆ ನೆಲೆಯೂರಿ, ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಇದ್ದು, ಕಡೆಗೆ ಯಕೃತ್ತನ್ನು ಕಲ್ಲಿನಂತೆ ಗಟ್ಟಿಯಾಗಿಸುತ್ತವೆ. ಡಿ ಎಂಬುದು ಬಿ ಇಲ್ಲದೆ ಬಾಳಲಾರದ ಪರಾವಲಂಬಿ. ಒಂದೇ ವೈರಸ್ಸು ಒಬ್ಬರಲ್ಲಿ ಅತಿಥಿ, ಇನ್ನೊಬ್ಬರಲ್ಲಿ ಯಮನ ದೂತ. ಹೀಗೇಕೆ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ. ನಮ್ಮ ಮನೆಯಲ್ಲಿಯೇ ಹುಟ್ಟಿದುದು. ನಾವು ಮೂವರು ಮಕ್ಕಳು: ಅಕ್ಕ, ನಾನು, ತಮ್ಮ. ೧೯೯೬ರಲ್ಲಿ ನೆರೆಮನೆಯವರೊಬ್ಬರ ಶಸ್ತ್ರಚಿಕಿತ್ಸೆಗೆಂದು ತಮ್ಮ ರಕ್ತದಾನ ಮಾಡಲು ಹೋದನು. ನಾಲ್ಕು ದಿನಗಳ ಮೇಲೆ ಅವನನ್ನು ಕರೆಸಿ, ಅವನ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ಸು ಇದೆಯೆಂದು ತಿಳಿಸಿದರು. ಅವನಿಗೆ ಆಗ ಇಪ್ಪತ್ತೆಂಟು ವರ್ಷ. ಒಂದು ದಿನವೂ ಕಾಮಾಲೆಯಾದವನಲ್ಲ. ವೈದ್ಯರ ಸಲಹೆಯಂತೆ ಮನೆಮಂದಿಯೆಲ್ಲ ಪರೀಕ್ಷೆ ಮಾಡಿಸಿಕೊಂಡೆವು. ಅಮ್ಮನ ರಕ್ತದಲ್ಲಿಯೂ ವೈರಸ್ಸು ಇತ್ತು. ಅಕ್ಕನಲ್ಲಿಯೂ ನನ್ನಲ್ಲಿಯೂ ವೈರಸ್ಸು ಇರಲಿಲ್ಲ. ಆದರೆ ಅದು ಎಂದೋ ಬಂದು, ಸೋತು ಹೋಗಿದ್ದುದರ ಗುರುತು ಮಾತ್ರ ಉಳಿದಿತ್ತು. ಒಂದೇ ತಾಯಿ, ಒಂದೇ ಮನೆ, ಒಂದೇ ಅಡುಗೆ. ಇಬ್ಬರು ಗೆದ್ದಿದ್ದರು, ಒಬ್ಬನು ಹೊತ್ತುಕೊಂಡಿದ್ದನು.

ಆ ದಿನಗಳಲ್ಲಿ ತಮ್ಮನಿಗೆ ಹೆಣ್ಣು ನಿಶ್ಚಯವಾಗುವುದರಲ್ಲಿತ್ತು. ಸುದ್ದಿ ತಿಳಿದ ಮೇಲೆ ಅವರು ಬರಲಿಲ್ಲ. ಅದಕ್ಕಿಂತ ನಮ್ಮನ್ನು ಕೊರೆದುದು ಬಂಧುಗಳ ಪಿಸುಮಾತು. "ಯಕೃತ್ತಿನ ಕಾಯಿಲೆಯಂತೆ. ಕುಡಿತ ಇಲ್ಲದೆ ಬಂದೀತೆ?" ಎಂದು ಒಬ್ಬರು. "ನಡತೆ ಹೇಗಿತ್ತೋ!" ಎಂದು ಇನ್ನೊಬ್ಬರು. ಕಾಫಿಯನ್ನೂ ಎರಡನೆಯ ಸಲ ಬೇಡವೆನ್ನುವ ಹುಡುಗನ ವಿಷಯದಲ್ಲಿ ಈ ಮಾತು! ಅಮ್ಮನ ನೋವು ಇನ್ನೊಂದು ಬಗೆಯದು. "ಮೂರು ಜನರನ್ನೂ ನಾನೇ ಹೆತ್ತೆ ಕಣೋ. ಮೂವರೂ ನನ್ನ ಹಾಲನ್ನೇ ಕುಡಿದರು. ಅವನೊಬ್ಬನಿಗೆ ಯಾಕೆ? ನನ್ನ ಹಾಲಿನಲ್ಲೇ ವಿಷವಿತ್ತೆ?" ಎಂದು ಆಕೆ ನನ್ನನ್ನು ಅನೇಕ ಸಲ ಕೇಳಿದ್ದುಂಟು. ೨೦೧೧ರಲ್ಲಿ ವೃದ್ಧಾಪ್ಯದಿಂದ ತೀರಿಕೊಂಡಳು. ಯಕೃತ್ತು ಆಕೆಯನ್ನು ಕಡೆಯವರೆಗೂ ಕಾಡಲಿಲ್ಲ. ಆ ಪ್ರಶ್ನೆ ಕಾಡಿತು. ಅಂದಿನಿಂದ ಈ ವಿಷಯದಲ್ಲಿ ಕೈಗೆ ಸಿಕ್ಕಿದುದನ್ನೆಲ್ಲ ಓದುತ್ತ ಬಂದಿದ್ದೇನೆ. ಓದಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥದೇ ಪ್ರಶ್ನೆಯನ್ನು ಸೆರಗಿನಲ್ಲಿ ಕಟ್ಟಿಕೊಂಡಿರುವ ತಾಯಂದಿರು ಇನ್ನೂ ಎಷ್ಟೋ ಮಂದಿ ಇರಬಹುದಲ್ಲವೆ?

ಮೊದಲು ಹಾಲಿನ ಮಾತನ್ನು ಮುಗಿಸಿಬಿಡೋಣ. ತಾಯಿಯ ಹಾಲು ಈ ವೈರಸ್ಸಿನ ದಾರಿಯಲ್ಲ. ಹೆರಿಗೆಯ ಸಮಯದಲ್ಲಿ ತಾಯಿಯ ರಕ್ತ ಮಗುವಿಗೆ ತಾಗುವುದೇ ಮುಖ್ಯ ದಾರಿ. ಎರಡನೆಯದಾಗಿ ವಯಸ್ಸಿನ ಮಾತು. ಹೆಪಟೈಟಿಸ್ ಬಿ ಹಸುಗೂಸಿಗೆ ತಗುಲಿದರೆ ನೂರರಲ್ಲಿ ಸುಮಾರು ೯೦ ಮಕ್ಕಳಲ್ಲಿ ಅದು ಶಾಶ್ವತವಾಗಿ ನೆಲಸುತ್ತದೆ. ಬೆಳೆದವರಿಗೆ ತಗುಲಿದರೆ ನೂರರಲ್ಲಿ ಐದು ಮಂದಿಗಿಂತ ಕಡಮೆ ಜನರಲ್ಲಿ ಮಾತ್ರ ನಿಲ್ಲುತ್ತದೆ. ಎಳೆಯ ದೇಹಕ್ಕೆ ತನ್ನವರಾರು, ಪರರಾರು ಎಂಬ ವಿವೇಕ ಇನ್ನೂ ಬಲಿತಿರುವುದಿಲ್ಲ. ಮನೆಗೆ ನುಗ್ಗಿದ ಕಳ್ಳನನ್ನು ಅದು ನೆಂಟನೆಂದೇ ತಿಳಿಯುತ್ತದೆ. ಆದುದರಿಂದ ತಮ್ಮನಿಗೆ ಹುಟ್ಟುವಾಗಲೇ, ನಮಗಿಬ್ಬರಿಗೆ ಸ್ವಲ್ಪ ಬೆಳೆದ ಮೇಲೆ ಇದು ಅಂಟಿರಬಹುದು. ತಾಯಿಯ ರಕ್ತದಲ್ಲಿ ವೈರಸ್ಸಿನ ಪ್ರಮಾಣವೂ ಹೆರಿಗೆಯಿಂದ ಹೆರಿಗೆಗೆ ಬೇರೆಯಾಗಿರಬಹುದು. ನಮ್ಮ ಮನೆಯ ಕಥೆಗೆ ಇಷ್ಟೇ ಸಾಕಾಗಲೂಬಹುದು.

ಆದರೆ ವಯಸ್ಸೂ ಪ್ರಮಾಣವೂ ಒಂದೇ ಆಗಿದ್ದರೆ? ಒಂದೇ ವೈರಸ್ಸು, ಒಂದೇ ಮೂಲದಿಂದ, ಒಂದೇ ಕಾಲದಲ್ಲಿ ನೂರಾರು ಜನರ ಮೈಸೇರಿದರೆ ಎಲ್ಲರ ಗತಿಯೂ ಒಂದೇ ಆಗುವುದೆ? ಯಾವ ವಿಜ್ಞಾನಿಯೂ ಮಾಡಬಾರದಂಥ ಈ ಪ್ರಯೋಗ ಐರ್ಲೆಂಡಿನಲ್ಲಿ ದುರದೃಷ್ಟದಿಂದ ತಾನಾಗಿಯೇ ನಡೆದುಹೋಯಿತು.

ಆರ್‌ಎಚ್ ಎಂಬ ರಕ್ತಗುಣ ಇಲ್ಲದ ತಾಯಿಗೆ ಆ ಗುಣವುಳ್ಳ ಮಗು ಹುಟ್ಟಿದರೆ, ಮುಂದಿನ ಮಗುವಿಗೆ ಅಪಾಯವಾಗದಂತೆ ತಾಯಿಗೆ ಒಂದು ಚುಚ್ಚುಮದ್ದು ಕೊಡುವುದುಂಟು. ಅದನ್ನು ಮನುಷ್ಯರ ರಕ್ತರಸದಿಂದಲೇ ತಯಾರಿಸುತ್ತಾರೆ. ೧೯೭೭ ಮತ್ತು ೧೯೭೮ರಲ್ಲಿ ಐರ್ಲೆಂಡಿನ ಬಾಣಂತಿಯರಿಗೆ ಕೊಟ್ಟ ಈ ಮದ್ದಿನ ಕೆಲವು ಭಾಗ, ಕಾಮಾಲೆಯಾಗಿದ್ದ ಒಬ್ಬ ಸ್ತ್ರೀಯ ರಕ್ತರಸದಿಂದ ಮಾಡಿದುದಾಗಿತ್ತು. ಹೆಪಟೈಟಿಸ್ ಸಿ ವೈರಸ್ಸನ್ನು ಗುರುತಿಸಿದ್ದು ೧೯೮೯ರಲ್ಲಿ. ಆದುದರಿಂದ ಆ ತಾಯಂದಿರು ಕಾರಣವರಿಯದೆ ಸುಸ್ತು, ಕೀಲುನೋವುಗಳೊಡನೆ ಮಕ್ಕಳನ್ನು ಸಾಕುತ್ತ ಇದ್ದುಬಿಟ್ಟರು. ೧೯೯೪ರಲ್ಲಿ ವಿಷಯ ಹೊರಬಿದ್ದಿತು. ೬೨,೬೬೭ ಮಂದಿ ಸ್ತ್ರೀಯರನ್ನು ಪರೀಕ್ಷಿಸಿದಾಗ ೭೦೪ ಮಂದಿಯಲ್ಲಿ ಈ ವೈರಸ್ಸು ಬಂದುಹೋದ ಅಥವಾ ಇನ್ನೂ ಇರುವ ಗುರುತು ಕಂಡಿತು.

ಎಲ್ಲರೂ ಸ್ತ್ರೀಯರು, ಎಲ್ಲರೂ ಮಕ್ಕಳನ್ನು ಹೆರುವ ವಯಸ್ಸಿನವರು, ಎಲ್ಲರಿಗೂ ಬಂದುದು ಒಬ್ಬಳೇ ಸ್ತ್ರೀಯ ರಕ್ತದ ವೈರಸ್ಸು. ಸುಮಾರು ಹದಿನೇಳು ವರ್ಷಗಳ ಮೇಲೆ ನೋಡಿದರೆ, ಆ ೭೦೪ ಮಂದಿಯಲ್ಲಿ ೩೯೦ ಮಂದಿಯ ರಕ್ತದಲ್ಲಿ ವೈರಸ್ಸು ಇನ್ನೂ ಇತ್ತು. ಉಳಿದವರ ದೇಹ ಯಾವ ಮದ್ದೂ ಇಲ್ಲದೆ ಅದನ್ನು ಹೊರಗಟ್ಟಿತ್ತು. ವೈರಸ್ಸು ಉಳಿದವರಲ್ಲಿಯೂ ಎಲ್ಲರ ಸ್ಥಿತಿ ಒಂದೇ ಆಗಿರಲಿಲ್ಲ. ಸುಮಾರು ಅರ್ಧದಷ್ಟು ಜನರ ಯಕೃತ್ತಿನಲ್ಲಿ ನಾರುಗಟ್ಟುವಿಕೆ ಕಂಡಿತು, ಪೂರ್ತಿ ಗಟ್ಟಿಯಾದುದು ನೂರರಲ್ಲಿ ಇಬ್ಬರಲ್ಲಿ ಮಾತ್ರ. ಅಂದಮೇಲೆ ವ್ಯತ್ಯಾಸ ವೈರಸ್ಸಿನಲ್ಲಿಲ್ಲ. ಅದನ್ನು ಬರಮಾಡಿಕೊಂಡ ಮೈಯಲ್ಲಿದೆ.

ನಮ್ಮ ಜೀವಕೋಶಗಳ ಮೇಲೆ ತಟ್ಟೆಗಳಂಥ ಕೆಲವು ಅಣುಗಳಿವೆ. ಒಳಗೆ ವೈರಸ್ಸು ಸೇರಿಕೊಂಡರೆ ಜೀವಕೋಶವು ಅದರ ತುಣುಕೊಂದನ್ನು ಈ ತಟ್ಟೆಯಲ್ಲಿಟ್ಟು ಹೊರಗೆ ತೋರಿಸುತ್ತದೆ. ರಕ್ತದಲ್ಲಿ ಸುತ್ತುವ ಕಾವಲಿನ ಕಣಗಳು ಅದನ್ನು ನೋಡಿ ಎಚ್ಚರಗೊಳ್ಳುತ್ತವೆ. ಈ ತಟ್ಟೆಗಳ ಆಕಾರ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ತಂದೆಯಿಂದ ಒಂದು ಪಾಲು, ತಾಯಿಯಿಂದ ಒಂದು ಪಾಲು. ಕೆಲವು ತಟ್ಟೆಗಳಲ್ಲಿ ಈ ವೈರಸ್ಸಿನ ತುಣುಕು ಚೆನ್ನಾಗಿ ಕೂರುತ್ತದೆ, ಕೆಲವುಗಳಲ್ಲಿ ಜಾರುತ್ತದೆ. ಐರ್ಲೆಂಡಿನ ಆ ತಾಯಂದಿರನ್ನು ಪರೀಕ್ಷಿಸಿದಾಗ ಬಿ ೨೭ ಎಂಬ ತಟ್ಟೆಯುಳ್ಳವರು ವೈರಸ್ಸನ್ನು ಹೊರಗಟ್ಟಿದವರಲ್ಲಿ ಹೆಚ್ಚಾಗಿ ಕಂಡರು. ಇದೇ ಬಿ ೨೭ ಉಳ್ಳವರಿಗೆ ಬೆನ್ನುಮೂಳೆಯ ಕೀಲುಗಳು ಸೆಟೆದುಕೊಳ್ಳುವ ಒಂದು ವಾತರೋಗ ಬರುವ ಸಂಭವವೂ ಹೆಚ್ಚೆಂಬುದು ವೈದ್ಯರಿಗೆ ಬಹುಕಾಲದಿಂದ ಗೊತ್ತಿದೆ. ಒಂದು ಕೈಯಲ್ಲಿ ಕೊಟ್ಟುದನ್ನು ಪ್ರಕೃತಿ ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವುದೆಂದರೆ ಇದೇ.

ಪಶ್ಚಿಮ ಆಫ್ರಿಕದ ಗಾಂಬಿಯಾ ದೇಶದಲ್ಲಿಯೂ ಹೀಗೆಯೇ ಆಯಿತು. ಅಲ್ಲಿ ಮಲೇರಿಯಾದ ತೀವ್ರ ಹೊಡೆತದಿಂದ ಮಕ್ಕಳನ್ನು ಕಾಪಾಡುವ ಒಂದು ಬಗೆಯ ತಟ್ಟೆಯನ್ನು ೧೯೯೧ರಲ್ಲಿ ಗುರುತಿಸಿದ್ದರು. ಅದೇ ತಟ್ಟೆಯುಳ್ಳವರು ಹೆಪಟೈಟಿಸ್ ಬಿ ವೈರಸ್ಸನ್ನೂ ಹೆಚ್ಚು ಸುಲಭವಾಗಿ ಗೆಲ್ಲುತ್ತಾರೆಂದು ೧೯೯೫ರಲ್ಲಿ ತಿಳಿದುಬಂತು. ೨೦೦೯ರಲ್ಲಿ ಜಪಾನಿನ ವಿಜ್ಞಾನಿಗಳು ಇಂಥದೇ ಇನ್ನೊಂದು ಜಾತಿಯ ತಟ್ಟೆಗೂ ಹೆಪಟೈಟಿಸ್ ಬಿ ನೆಲೆಯೂರುವುದಕ್ಕೂ ನಂಟಿರುವುದನ್ನು ತೋರಿಸಿದರು. ಇನ್ನು ಕೆಲವರಲ್ಲಿ ವ್ಯತ್ಯಾಸವಿರುವುದು ಬಾಗಿಲಿನಲ್ಲಿಯೇ. ಪಿತ್ತದ ಲವಣವನ್ನು ಯಕೃತ್ತಿನೊಳಕ್ಕೆ ಬಿಟ್ಟುಕೊಳ್ಳುವ ಒಂದು ಬಾಗಿಲಿದೆ. ಹೆಪಟೈಟಿಸ್ ಬಿ ಅದರ ಮೂಲಕವೇ ನುಗ್ಗುತ್ತದೆಂಬುದನ್ನು ೨೦೧೨ರಲ್ಲಿ ಬೀಜಿಂಗಿನಲ್ಲಿ ಕಂಡುಹಿಡಿದರು. ಪೂರ್ವ ಏಷ್ಯದ ಕೆಲವರಲ್ಲಿ ಈ ಬಾಗಿಲಿನ ಚೌಕಟ್ಟು ಒಂದೇ ಒಂದು ಅಕ್ಷರದಷ್ಟು ಬೇರೆ. ಅಂಥವರಲ್ಲಿ ರೋಗ ನೆಲೆಯೂರುವುದು ಕಡಮೆ.

ಎಲ್ಲಕ್ಕಿಂತ ಸೋಜಿಗದ ಕಥೆ ಇಂಟರ್‌ಫೆರಾನಿನದು. ವೈರಸ್ಸು ಹೊಕ್ಕ ಜೀವಕೋಶ ತನ್ನ ನೆರೆಹೊರೆಯವರಿಗೆ "ಕಳ್ಳ ಬಂದ!" ಎಂದು ಕೂಗಿ ಹೇಳುವ ರಾಸಾಯನಿಕ ಕೂಗು ಇದು, ೧೯೫೭ರಲ್ಲಿ ಲಂಡನ್ನಿನಲ್ಲಿ ಇದನ್ನು ಕಂಡುಹಿಡಿದರು. ಮುಂದೆ ಇದನ್ನೇ ಮದ್ದಾಗಿ ಮಾಡಿ ಹೆಪಟೈಟಿಸ್ ಸಿ ರೋಗಿಗಳಿಗೆ ಚುಚ್ಚತೊಡಗಿದರು. ಹಲವರಿಗೆ ನಲವತ್ತೆಂಟು ವಾರಗಳ ಚಿಕಿತ್ಸೆ. ಜ್ವರ, ಮೈಕೈನೋವು, ಮನಸ್ಸಿಗೆ ಮಂಕು. ಇಷ್ಟೆಲ್ಲ ಸಹಿಸಿದ ಮೇಲೂ ಕೆಲವರಿಗೆ ಗುಣ, ಕೆಲವರಿಗೆ ಇಲ್ಲ. ೨೦೦೯ರಲ್ಲಿ ಅಮೆರಿಕ, ಆಸ್ಟ್ರೇಲಿಯ, ಜಪಾನುಗಳ ಮೂರು ತಂಡಗಳು ಬೇರೆಬೇರೆಯಾಗಿ ಹುಡುಕಿ ಒಂದೇ ಜಾಗಕ್ಕೆ ಬಂದು ತಲುಪಿದುವು. ಹತ್ತೊಂಬತ್ತನೆಯ ವರ್ಣತಂತುವಿನಲ್ಲಿ, ಇಂಟರ್‌ಫೆರಾನಿನ ಒಂದು ವಂಶವಾಹಿಯ ಪಕ್ಕದಲ್ಲಿ, ಒಂದೇ ಒಂದು ಅಕ್ಷರ ಬೇರೆಯಾಗಿತ್ತು. ಅನುಕೂಲವಾದ ಅಕ್ಷರವನ್ನು ತಂದೆತಾಯಿಗಳಿಬ್ಬರಿಂದಲೂ ಪಡೆದವರಿಗೆ ಮದ್ದು ಫಲಿಸುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಮದ್ದಿಲ್ಲದೆ ತಾವಾಗಿಯೇ ಗುಣ ಹೊಂದುವವರಲ್ಲಿಯೂ ಇದೇ ಅಕ್ಷರ ಮೇಲುಗೈ ಎಂಬುದು ಅದೇ ವರ್ಷ ತಿಳಿಯಿತು. ಈ ಅಕ್ಷರ ಪೂರ್ವ ಏಷ್ಯದವರಲ್ಲಿ ಬಹು ಸಾಮಾನ್ಯ, ಯುರೋಪಿನವರಲ್ಲಿ ಮಧ್ಯಮ, ಆಫ್ರಿಕದ ಮೂಲದವರಲ್ಲಿ ವಿರಳ. ಅಮೆರಿಕದಲ್ಲಿ ಕಪ್ಪು ಜನರಿಗೆ ಈ ಚಿಕಿತ್ಸೆ ಅಷ್ಟಾಗಿ ಫಲಿಸುತ್ತಿರಲಿಲ್ಲವೇಕೆ ಎಂಬ ಪ್ರಶ್ನೆಗೆ ಅರ್ಧದಷ್ಟು ಉತ್ತರ ಇಲ್ಲಿ ದೊರೆಯಿತು. ಅಲ್ಲಿಯವರೆಗೆ "ಅವರು ಮದ್ದನ್ನು ಸರಿಯಾಗಿ ತೆಗೆದುಕೊಳ್ಳುವುದಿಲ್ಲ" ಎಂದು ಹೇಳುವುದು ಸುಲಭವಾಗಿತ್ತು. ನಮ್ಮ ಬಂಧುಗಳ ಪಿಸುಮಾತಿಗೂ ಇದಕ್ಕೂ ಹೆಚ್ಚು ದೂರವಿಲ್ಲ.

ಕಥೆಯ ತಿರುವು ಬಂದುದು ೨೦೧೩ರಲ್ಲಿ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಲ್ಯುಡ್ಮಿಲಾ ಪ್ರೊಕುನಿನಾ ಓಲ್ಸನ್ ಮತ್ತು ಅವರ ಸಂಗಡಿಗರು ಅದೇ ಜಾಗದಲ್ಲಿ ಅಡಗಿದ್ದ ಇನ್ನೊಂದು ಇಂಟರ್‌ಫೆರಾನಿನ ವಂಶವಾಹಿಯನ್ನು ಕಂಡರು. ಕೆಲವರಲ್ಲಿ ಅದು ಸರಿಯಾಗಿದೆ, ಕೆಲವರಲ್ಲಿ ಮುರಿದಿದೆ. ಸರಿಯಾಗಿರುವವರೇ ರೋಗ ಗೆಲ್ಲುತ್ತಾರೆಂದಲ್ಲವೆ ಯಾರಾದರೂ ಊಹಿಸುವುದು? ನಡೆದುದು ತಿರುವುಮುರುವು. ಅದು ಮುರಿದಿರುವವರೇ ವೈರಸ್ಸನ್ನು ಹೊರಗಟ್ಟುವುದರಲ್ಲಿ ಮುಂದು! ಹಗಲೂ ರಾತ್ರಿಯೂ "ಕಳ್ಳ, ಕಳ್ಳ" ಎಂದು ಕೂಗುವ ಕಾವಲುಗಾರನಿದ್ದರೆ ಕೇರಿಯವರ ಕಿವಿ ಮಂದವಾಗಿ, ನಿಜವಾದ ಕಳ್ಳ ಬಂದಾಗ ಯಾರೂ ಏಳುವುದಿಲ್ಲ; ಹಾಗೆಂದು ಇದನ್ನು ಅರ್ಥಮಾಡಿಕೊಳ್ಳಬಹುದು. ನಮ್ಮ ಪೂರ್ವಿಕರಲ್ಲಿ ಇದ್ದುದು ಸರಿಯಾದ ವಂಶವಾಹಿಯೇ. ಮುರಿದುದು ಆಮೇಲೆ ಬಂದುದು. ಆದುದರಿಂದ ವಂಶವಾಹಿಗಳಲ್ಲಿ ಒಳ್ಳೆಯದು, ಕೆಟ್ಟದು, ಮೇಲು, ಕೀಳು ಎಂದು ವಿಂಗಡಿಸಲು ಹೊರಡುವವರು ಸ್ವಲ್ಪ ತಾಳುವುದು ಲೇಸು.

ಅಪರೂಪಕ್ಕೆ ಇಂಥ ವ್ಯತ್ಯಾಸ ಪ್ರಾಣಕ್ಕೇ ಎರವಾಗುವುದುಂಟು. ಹೆಪಟೈಟಿಸ್ ಎ ಮಕ್ಕಳಲ್ಲಿ ಸಾಮಾನ್ಯವಾಗಿ ಸೌಮ್ಯ. ಆದರೆ ಅದರಿಂದಲೇ ತೀರಿಕೊಂಡ ಹನ್ನೊಂದು ವರ್ಷದ ಹುಡುಗಿಯೊಬ್ಬಳ ವಂಶವಾಹಿಗಳನ್ನು ಪರೀಕ್ಷಿಸಿ, ೨೦೧೯ರಲ್ಲಿ ವಿಜ್ಞಾನಿಗಳು ಕಾರಣವನ್ನು ಹೊರಗೆಡಹಿದರು. ರೋಗದೊಡನೆ ಹೋರಾಡುವ ಕೋಪವನ್ನು ಹದದಲ್ಲಿಡುವ ಒಂದು ಕಡಿವಾಣ ಅವಳಲ್ಲಿ ಹುಟ್ಟಿನಿಂದಲೇ ಇರಲಿಲ್ಲ. ಯಕೃತ್ತನ್ನು ಸುಟ್ಟುದು ವೈರಸ್ಸಿಗಿಂತ ಹೆಚ್ಚಾಗಿ ಅವಳದೇ ದೇಹದ ಲಗಾಮಿಲ್ಲದ ಕೋಪ. ಆ ತಂದೆತಾಯಿಗಳು ತಮ್ಮ ಆರೈಕೆಯಲ್ಲಿ ಏನು ಲೋಪವಾಯಿತೆಂದು ಎಷ್ಟು ರಾತ್ರಿ ಯೋಚಿಸಿರಬಹುದು!

ಇಷ್ಟೆಲ್ಲ ತಿಳಿಯಲು ದಾರಿ ತೆರೆದವರು ಬರೂಕ್ ಬ್ಲುಂಬರ್ಗ್ ಎಂಬ ಅಮೆರಿಕದ ವೈದ್ಯರು. ವಿದ್ಯಾರ್ಥಿಯಾಗಿದ್ದಾಗ ಅವರು ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋಗಿದ್ದರು. ಅಲ್ಲಿಯ ಕಬ್ಬಿನ ತೋಟಗಳ ದುಡಿಮೆಗೆಂದು ಆಫ್ರಿಕದಿಂದಲೂ ಜಾವಾದಿಂದಲೂ ನಮ್ಮ ಹಿಂದೂಸ್ಥಾನದಿಂದಲೂ ಜನರನ್ನು ಕೊಂಡೊಯ್ದಿದ್ದರಷ್ಟೆ. ಒಂದೇ ಊರಿನಲ್ಲಿದ್ದರೂ ಆನೆಕಾಲು ರೋಗ ಅವರಲ್ಲಿ ಒಬ್ಬೊಬ್ಬರನ್ನು ಒಂದೊಂದು ರೀತಿ ಹಿಡಿಯುವುದನ್ನು ಬ್ಲುಂಬರ್ಗರು ಕಂಡರು. ಮನುಷ್ಯರ ರಕ್ತದಲ್ಲಿ ಹುಟ್ಟಿನಿಂದ ಬರುವ ಭೇದಗಳನ್ನು ಹುಡುಕುವುದೇ ಅವರ ಬಾಳಿನ ಕೆಲಸವಾಯಿತು. ಮೇಲಿಂದಮೇಲೆ ಪರರ ರಕ್ತ ಪಡೆದವರ ಮೈಯಲ್ಲಿ ಪರರ ಭೇದಗಳಿಗೆ ಪ್ರತಿಕಾಯಗಳು ಹುಟ್ಟಿರಬೇಕೆಂದು ಅವರು ಊಹಿಸಿದರು. ಹಾಗೆ ಹುಡುಕುವಾಗ, ರಕ್ತ ಹೆಪ್ಪುಗಟ್ಟದ ರೋಗವಿದ್ದ ಒಬ್ಬನ ರಕ್ತರಸವು ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತರಸದೊಡನೆ ಮಾತ್ರ ಕೂಡಿ ಗೆರೆ ಮೂಡಿಸಿತು. ೧೯೬೫ರಲ್ಲಿ ಅದಕ್ಕೆ ಆಸ್ಟ್ರೇಲಿಯ ಆಂಟಿಜೆನ್ ಎಂದು ಹೆಸರಿಟ್ಟು ಪ್ರಕಟಿಸಿದರು. ಅದು ಹುಟ್ಟಿನಿಂದ ಬಂದ ಗುಣವೆಂದೇ ಅವರ ಎಣಿಕೆ. ೧೯೬೭ರಲ್ಲಿ ಅವರ ಪ್ರಯೋಗಶಾಲೆಯ ಸಹಾಯಕಿಯೊಬ್ಬಳಿಗೆ ಕಾಮಾಲೆಯಾಯಿತು. ಅವಳು ತನ್ನ ರಕ್ತವನ್ನೇ ಪರೀಕ್ಷಿಸಿಕೊಂಡಳು. ಮುನ್ನ ಇರದಿದ್ದ ಆ ಗೆರೆ ಈಗ ಮೂಡಿತು. ವಂಶದ ಗುಣವೆಂದು ಹುಡುಕಿದುದು ವೈರಸ್ಸಿನ ಮೈಯ ತುಣುಕಾಗಿತ್ತು! ಇದರಿಂದಲೇ ರಕ್ತದಾನಿಗಳನ್ನು ಪರೀಕ್ಷಿಸುವ ಕ್ರಮವೂ ಮುಂದೆ ಲಸಿಕೆಯೂ ಬಂದುವು. ೧೯೭೬ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂದಿತು. ತಮ್ಮನ ರಕ್ತದಲ್ಲಿ ಕಂಡುದು ಅದೇ ಗುರುತು.

ಬ್ಲುಂಬರ್ಗರು ನಮ್ಮ ನೆಲನೆಲ್ಲಿಯನ್ನೂ ಬಿಡಲಿಲ್ಲ. ಮದರಾಸಿನ ವಿಜ್ಞಾನಿಗಳೊಡನೆ ಸೇರಿ ಅದನ್ನು ಹೆಪಟೈಟಿಸ್ ಬಿ ಹೊತ್ತವರಿಗೆ ಕೊಟ್ಟು, ೧೯೮೮ರಲ್ಲಿ ಆಶಾದಾಯಕ ಫಲಿತಾಂಶವನ್ನು ಪ್ರಕಟಿಸಿದರು. ಆಮೇಲಿನ ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ. ಆದರೂ ಅಜ್ಜಿಯ ಮದ್ದನ್ನು ನಗದೆ ಪರೀಕ್ಷಿಸಿ ನೋಡಿದರಲ್ಲ, ಅದು ದೊಡ್ಡತನ.

ಹಾಗಾದರೆ ಇದೆಲ್ಲ ಹಣೆಬರಹವೇ, ಬ್ರಹ್ಮನ ಬದಲು ವಂಶವಾಹಿ ಬರೆದುದು ಅಷ್ಟೇ ಎನ್ನುವಿರಾ? ಇಲ್ಲ. ೨೦೧೩ರಿಂದ ಈಚೆಗೆ ಹೆಪಟೈಟಿಸ್ ಸಿ ವೈರಸ್ಸನ್ನೇ ನೇರವಾಗಿ ಹೊಡೆಯುವ ಮಾತ್ರೆಗಳ ಯುಗ ಬಂದಿದೆ. ಎಂಟರಿಂದ ಹನ್ನೆರಡು ವಾರ ನುಂಗಿದರೆ ನೂರರಲ್ಲಿ ೯೫ಕ್ಕೂ ಹೆಚ್ಚು ಮಂದಿಗೆ ಪೂರ್ಣ ಗುಣ. ಹತ್ತೊಂಬತ್ತನೆಯ ವರ್ಣತಂತುವಿನ ಅಕ್ಷರ ಯಾವುದೆಂದು ಕೇಳುವ ಅಗತ್ಯವೇ ಈಗ ಉಳಿದಿಲ್ಲ. ಹುಟ್ಟು ಮಾಡಿದ ಭೇದವನ್ನು ಮದ್ದು ಅಳಿಸಿತು. ಹೆಪಟೈಟಿಸ್ ಬಿ ರೋಗಕ್ಕೆ ಅಂಥ ಪೂರ್ಣ ಮದ್ದು ಇಲ್ಲವಾದರೂ, ವೈರಸ್ಸನ್ನು ಹತೋಟಿಯಲ್ಲಿಡುವ ಮಾತ್ರೆಗಳಿವೆ. ಅದು ಬಾರದಂತೆ ತಡೆಯುವ ಲಸಿಕೆಯಿದೆ. ೨೦೧೧ರಿಂದ ಈ ಲಸಿಕೆ ನಮ್ಮ ದೇಶದ ಎಲ್ಲ ಮಕ್ಕಳ ಲಸಿಕಾ ಕಾರ್ಯಕ್ರಮದಲ್ಲಿ ಸೇರಿದೆ. ಮಗು ಹುಟ್ಟಿದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಮೊದಲನೆಯ ಚುಚ್ಚು ಬಿದ್ದರೆ ತಾಯಿಯಿಂದ ಮಗುವಿಗೆ ದಾಟುವುದನ್ನು ಬಹುಮಟ್ಟಿಗೆ ತಡೆಯಬಹುದು.

ತಮ್ಮನ ಯಕೃತ್ತು ಗಟ್ಟಿಯಾಗತೊಡಗಿದುದು ೨೦೦೪ರಲ್ಲಿ ತಿಳಿಯಿತು. ದಿನಕ್ಕೊಂದು ಮಾತ್ರೆಯಿಂದ ಅದು ಅಲ್ಲಿಗೇ ನಿಂತಿದೆ. ಅವನು ತನ್ನ ಕೆಲಸ ಮಾಡಿಕೊಂಡಿದ್ದಾನೆ. ಎಲ್ಲವನ್ನೂ ತಿಳಿದ ಮೇಲೆಯೇ ಒಬ್ಬ ಶಾಲಾ ಉಪಾಧ್ಯಾಯಿನಿ, ಮೂರು ಲಸಿಕೆ ಹಾಕಿಸಿಕೊಂಡು, ಅವನ ಕೈಹಿಡಿದಳು. ಅವರ ಮಗಳಿಗೆ ಹುಟ್ಟಿದ ದಿನವೇ ಲಸಿಕೆ ಹಾಕಿಸಿದರು. ಅವಳ ರಕ್ತದಲ್ಲಿ ವೈರಸ್ಸು ಇಲ್ಲ.

ಮನೆಯಲ್ಲಿ ಬಸುರಿಯರಿದ್ದರೆ ಈ ಒಂದು ರಕ್ತಪರೀಕ್ಷೆಯನ್ನು ಮರೆಯದೆ ಮಾಡಿಸಿ. ಮಗುವಿನ ಮೊದಲ ದಿನದ ಲಸಿಕೆಯನ್ನು, ಮುಹೂರ್ತ ಸರಿಯಿಲ್ಲವೆಂದು ಮುಂದೂಡಬೇಡಿ. ಬಂಧುಗಳಲ್ಲಿ ಯಾರಿಗಾದರೂ ಯಕೃತ್ತಿನ ಬೇನೆಯೆಂದು ಕೇಳಿದಾಗ, ಅವರ ಲೋಟದಲ್ಲಿ ಏನಿತ್ತೆಂದು ವಿಚಾರಿಸುವ ಮೊದಲು, ಅವರಿಗೆ ಯಾವ ನೆರವು ಬೇಕೆಂದು ವಿಚಾರಿಸಿ. ಯಾರ ಮೈ ಯಾವ ಬೇನೆಯನ್ನು ಗೆಲ್ಲುವುದೋ ಯಾವುದಕ್ಕೆ ಸೋಲುವುದೋ, ಆ ಪಟ್ಟಿಯನ್ನು ನಾವಾರೂ ಕೇಳಿ ಪಡೆದು ಹುಟ್ಟಿದವರಲ್ಲ.